ಆರು ರೊಟ್ಟಿ ತಿಂದ ಖಾನಾವಳಿಯಲ್ಲೇ ಈಗ ಕಾಲು ರೊಟ್ಟಿ

ಹೋಟೆಲ್ ಬಗ್ಗೆ ಬರೆಯೋರು ಸಾಮಾನ್ಯವಾಗಿ ಒಂದು ಸಲ ಹೋಗಿ, ಹೊಟ್ಟೆ ಬಿರಿಯ ತಿಂದು, ನಾಲ್ಕು ಫೋಟೋ ಹೊಡೆದು ಬರೆಯುತ್ತಾರೆ. ನಾನು ಈ ಖಾನಾವಳಿಗೆ ಹನ್ನೊಂದು ವರ್ಷದಿಂದ ಹೋಗುತ್ತಿದ್ದೇನೆ. ಮೊದಲ ಒಂಬತ್ತು ವರ್ಷ ಹೋದವನು ಬೇರೆ, ಈಗ ಹೋಗುತ್ತಿರುವವನು ಬೇರೆ. ಆಗಿನವನು 128 ಕೆಜಿ ತನಕ ಬೆಳೆದ, ಆರು ರೊಟ್ಟಿ ತಿಂದ ಮೇಲೂ ಅನ್ನಕ್ಕೆ ಕೈ ಒಡ್ಡುತ್ತಿದ್ದ ಆಸಾಮಿ. ಈಗಿನವನು ತೂಕ ಇಳಿಸೋ ಆಪರೇಷನ್ ಮಾಡಿಸಿಕೊಂಡು ಕಾಲು ರೊಟ್ಟಿಗೇ ಸಾಕಪ್ಪಾ ಅನ್ನುವವನು. ಆದ್ದರಿಂದ ಇಬ್ಬರು ಗಿರಾಕಿಗಳು ಕೂತು ಬರೆದದ್ದು ಅಂತಲೇ ಓದಿಕೊಳ್ಳಿ.

ಜಾಗ ದಾವಣಗೆರೆಯ ಮಂಡಿಪೇಟೆ ಕಡೆಯ ಒಂದು ಗಲ್ಲಿ. ಏಳು ಟೇಬಲ್ಲು, ಗೋಡೆಗೆ ಬಸವಣ್ಣನ ಫೋಟೋ, ಒಳಗಿನಿಂದ ರೊಟ್ಟಿ ಬಡಿಯುವ ಸದ್ದು. ಹೆಸರು ಹಾಕುತ್ತಿಲ್ಲ. ಹಾಕ್ಲಾ ಅಂತ ನಡೆಸುವ ಅಕ್ಕನನ್ನೇ ಕೇಳಿದೆ. ಅವರು ರಾಣೆಬೆನ್ನೂರು ಕಡೆಯವರು, ಮಾತು ನೇರ. "ಬ್ಯಾಡ್ರಿ ಅಣ್ಣಾರ, ನಾಳಿ ಎಲ್ಲಾರೂ ಬಂದು ಇದು ಆಪರೇಷನ್ ಆದೋರ ಖಾನಾವಳಿ ಏನ್ರಿ ಅಂತ ಕೇಳ್ತಾರ" ಅಂದರು. ಸರಿ ಬಿಡಿ. ಈ ಊರಲ್ಲಿ ಮಧ್ಯಾಹ್ನ ರೊಟ್ಟಿ ಊಟ ಮಾಡುವವರಿಗೆ ನಾನು ಯಾವುದನ್ನು ಹೇಳುತ್ತಿದ್ದೇನೆ ಅಂತ ಅರ್ಧ ಓದುವಷ್ಟರಲ್ಲಿ ಗೊತ್ತಾಗುತ್ತದೆ.

ನಮ್ಮದು ಮೋಟರ್ ವೈಂಡಿಂಗ್ ಅಂಗಡಿ. ಬೋರ್‌ವೆಲ್ ಮೋಟರ್ ಸುಟ್ಟುಕೊಂಡು ಹಳ್ಳಿಯಿಂದ ತರುತ್ತಾರೆ, ನಾವು ಬಿಚ್ಚಿ, ಹಳೇ ತಾಮ್ರದ ತಂತಿ ತೆಗೆದು ಹೊಸದು ಸುತ್ತಿ ಕೊಡುತ್ತೇವೆ. ಕೂತು ಮಾಡುವ ಕೆಲಸ. ಹೆಂಡತಿ ಶಾಲೆ ಟೀಚರ್, ಬೆಳಿಗ್ಗೆ ಎಂಟಕ್ಕೆ ಮನೆ ಬಿಡುತ್ತಾಳೆ, ಹಾಗಾಗಿ ಮಧ್ಯಾಹ್ನದ ಊಟ ಮೊದಲಿಂದಲೂ ಹೊರಗೇ. ಫುಲ್ ಊಟ ಅಂದರೆ ರೊಟ್ಟಿ ಬೇಕಾದಷ್ಟು, ಎರಡು ಪಲ್ಯ, ಚಟ್ನಿಪುಡಿ, ಅನ್ನ, ಸಾರು, ಮೊಸರು, ಮಜ್ಜಿಗೆ. ಬೇಕಾದಷ್ಟು ಅನ್ನುವ ಮಾತನ್ನು ನಾನು ನಿಜ ಅಂತಲೇ ನಂಬಿದ್ದೆ. ಸಾಯಂಕಾಲ ಅಂಗಡಿಗೆ ಮಿರ್ಚಿ, ಮಂಡಕ್ಕಿ. ಭಾನುವಾರ ಬೆಣ್ಣೆ ದೋಸೆ ಎರಡು, ಮೇಲೆ ಒಂದು ಓಪನ್ ದೋಸೆ. ದಾವಣಗೆರೆಯಲ್ಲಿ ಹುಟ್ಟಿ ಇದಿಷ್ಟೂ ತಿನ್ನದೇ ಇದ್ದರೆ ಮನೆಯವರೇ ಡಾಕ್ಟರ್ ಹತ್ರ ಕರೆದುಕೊಂಡು ಹೋಗುತ್ತಾರೆ, ಅಲ್ವಾ?

ಶುಗರ್ ಬಂತು, ಬಿಪಿ ಬಂತು, ರಾತ್ರಿ ಗೊರಕೆಯ ಮಧ್ಯೆ ಉಸಿರು ನಿಲ್ಲುತ್ತದೆ ಅಂತ ಹೆಂಡತಿ ಎದ್ದು ಕೂರುವುದು ಶುರುವಾಯಿತು. ಕೊನೆಗೆ ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಸ್ಲೀವ್ ಆಪರೇಷನ್. ಹೊಟ್ಟೆ ಮೇಲೆ ಐದು ಸಣ್ಣ ತೂತು ಮಾಡಿ, ಜಠರದ ಶೇಕಡ 75ರಿಂದ 80 ಭಾಗ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಕೊಳವೆ. ಹಸಿವು ಹುಟ್ಟಿಸುವ ಗ್ರೆಲಿನ್ ಅನ್ನೋ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದು ಕತ್ತರಿಸಿ ತೆಗೆದ ಆ ಮೇಲ್ಭಾಗದಲ್ಲೇ. ಹಾಗಾಗಿ ಮೊದಮೊದಲು ಹಸಿವೇ ಇರುವುದಿಲ್ಲ. ಜನ ಇದನ್ನು ಸುಲಭದ ದಾರಿ ಅನ್ನುತ್ತಾರೆ. ಎರಡು ವಾರ ಬರೀ ಬೇಳೆಕಟ್ಟು, ತಿಳಿ ಮಜ್ಜಿಗೆ, ಎಳನೀರು ಕುಡಿದು, ಆಮೇಲೆ ಹದಿನೈದು ದಿನ ಮಿಕ್ಸಿಯಲ್ಲಿ ರುಬ್ಬಿದ್ದು ತಿಂದು, ಎಂಟನೇ ವಾರಕ್ಕೆ ಮನುಷ್ಯರ ಊಟಕ್ಕೆ ಬಂದವನನ್ನು ಕೇಳಿ, ಎಷ್ಟು ಸುಲಭ ಅಂತ.

ಆಪರೇಷನ್ ಬಗ್ಗೆ ನನ್ನ ತಕರಾರಿಲ್ಲ. ಆಮೇಲಿನ 'ಒಂದು ವರ್ಷದ ಫಾಲೋ ಅಪ್ ಪ್ಯಾಕೇಜ್' ಬಗ್ಗೆ ಇದೆ, ಅದಕ್ಕೆ ಬೇರೆ ದುಡ್ಡು ಕಟ್ಟಿದ್ದೆ. ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಡಯಟೀಷಿಯನ್ ಫೋನ್ ಬರುತ್ತಿತ್ತು, ಚೆನ್ನಾಗಿ ಮಾತಾಡುತ್ತಿದ್ದರು. ನಾಲ್ಕನೇ ತಿಂಗಳಿಗೆ ಅವರು ಕೆಲಸ ಬಿಟ್ಟರು. ಬೇರೆಯವರು ಬಂದರು, ಅವರಿಗೆ ನನ್ನ ಫೈಲ್ ಸಿಗಲಿಲ್ಲ. ಆಮೇಲೆ ಉಳಿದದ್ದು ಮೊಬೈಲ್‌ನಲ್ಲಿ ಒಂದು ಆ್ಯಪ್, ದಿನಾ ಹನ್ನೊಂದು ಗಂಟೆಗೆ ಟಿಂಗ್ ಅಂತ 'ನೀವು ಮಾಡಬಲ್ಲಿರಿ!' ಅನ್ನುತ್ತಿತ್ತು. ಏನನ್ನು ಅಂತ ಹೇಳುತ್ತಿರಲಿಲ್ಲ. ಕೊಟ್ಟ ಡಯಟ್ ಚಾರ್ಟ್ ಬೇರೆ, ಬ್ರೊಕೊಲಿ, ಕಿನೋವಾ, ಜುಕಿನಿ. ಮಾರ್ಕೆಟ್‌ಗೆ ಹೋಗಿ ಜುಕಿನಿ ಇದೆಯಾ ಅಂತ ಕೇಳಿದೆ. ತರಕಾರಿಯವಳು ಎರಡು ಸಲ ಹೇಳಿಸಿಕೊಂಡು ಕೊನೆಗೆ ಸೌತೆಕಾಯಿ ತೂಗಿದಳು. ನಾನೂ ಸುಮ್ನೆ ತಗೊಂಡು ಬಂದೆ.

ಖಾನಾವಳಿಗೆ ವಾಪಸ್ ಹೋದದ್ದು ಮೂರನೇ ತಿಂಗಳು. ಆಪರೇಷನ್ ವಿಷಯ ಯಾರಿಗೂ ಹೇಳಿರಲಿಲ್ಲ. ಕುಂದುವಾಡ ಕೆರೆ ಸುತ್ತ ವಾಕಿಂಗ್ ಮಾಡ್ತಿದೀನಿ, ರಾತ್ರಿ ಊಟ ಬಿಟ್ಟಿದೀನಿ ಅಂತ ಕತೆ ಕಟ್ಟಿದ್ದೆ. ಅಕ್ಕ ಎಂದಿನಂತೆ ತಟ್ಟೆ ಇಟ್ಟು, ಬಿಸಿ ರೊಟ್ಟಿ ಎರಡು ಹಾಕಿ, ಮೇಲೆ ಬೆಣ್ಣೆ ಇಟ್ಟರು. ಮೂರು ತಿಂಗಳ ಮೇಲೆ ಬಂದಿದ್ದೆ, ಬೇಡ ಅನ್ನೋಕೆ ನಾಚಿಕೆ. ಬಿಸಿ ರೊಟ್ಟಿ ಮುರಿದೆ, ಎಣ್ಣೆಗಾಯಿ ಜೊತೆ ಹಳೇ ಅಳತೆಯ ತುತ್ತು ಮಾಡಿದೆ, ನಾಲ್ಕು ಸಲ ಅಗಿದು ನುಂಗಿದೆ.

ಅದು ಎದೆ ನಡುವೆ ನಿಂತಿತು. ಆಪರೇಷನ್ ಆದವರಿಗೆ ಇದು ಗೊತ್ತಿರುತ್ತದೆ. ಒಳಗೆ ಒಂದು ಕಲ್ಲು ಸಿಕ್ಕಿಕೊಂಡ ಹಾಗೆ, ಕೆಳಗೂ ಇಳಿಯದು, ಮೇಲೂ ಬಾರದು, ಬಾಯಲ್ಲಿ ನೊರೆ ನೊರೆಯಾದ ಎಂಜಲು ತುಂಬಿಕೊಳ್ಳುತ್ತಲೇ ಇರುತ್ತದೆ. ನೀರು ಕುಡಿದೆ, ಇನ್ನೂ ದೊಡ್ಡ ತಪ್ಪು. ಎದ್ದು ಕೈ ತೊಳೆಯೋ ಜಾಗಕ್ಕೆ ಓಡಿದೆ. ಹತ್ತು ನಿಮಿಷ ಗೋಡೆ ಹಿಡಿದು ನಿಂತು, ಎಲ್ಲ ಹೊರಬಂದ ಮೇಲೆ ತಿರುಗಿದರೆ ಅಕ್ಕ ಸೆರಗಿಗೆ ಕೈ ಒರೆಸುತ್ತಾ ಹಿಂದೆ ನಿಂತಿದ್ದರು. ತಮ್ಮ ಅಡುಗೆಯಲ್ಲೇ ಏನೋ ಆಗಿದೆ ಅಂದುಕೊಂಡು ಅವರ ಮುಖ ಸಪ್ಪಗಾಗಿತ್ತು. ಪಲ್ಯ ಹಳಸಿಲ್ರಿ ಅಣ್ಣಾರ, ಬೆಳಿಗ್ಗಿಂದು, ಅಂತ ಶುರು ಮಾಡಿದರು. ಅವರ ಊಟಕ್ಕೆ ಕೆಟ್ಟ ಹೆಸರು ಬರಬಾರದು ಅಂತ ನಿಜ ಹೇಳಿದೆ. ಮನೆಯವರನ್ನು ಬಿಟ್ಟರೆ ಮೊದಲು ಹೇಳಿದ್ದು ಅವರಿಗೇ.

"ಹೊಟ್ಟಿ ಕೊಯ್ಸಿಕೊಂಡ್ರೇನ್ರಿ?" ಅಂದರು ಅಷ್ಟೇ. ಆಮೇಲೆ ಒಂದು ನಿಮಿಷ ಬಿಟ್ಟು, "ಮತ್ತ ಈಗ ಎಷ್ಟು ಹಿಡಿಸ್ತದ್ರಿ?" ಅಂತ ಕೇಳಿದರು. ಎರಡು ವರ್ಷದಲ್ಲಿ ಯಾರೂ ಇಷ್ಟು ಸರಿಯಾದ ಪ್ರಶ್ನೆ ಕೇಳಿಲ್ಲ. ಉಳಿದವರೆಲ್ಲ ಎಷ್ಟು ಖರ್ಚಾಯಿತು ಅಂತಲೇ ಕೇಳೋದು.

ಈಗ ಊಟದ ವಿಷಯಕ್ಕೆ ಬರೋಣ. ಮರುದಿನದಿಂದ ನನಗೆ ಬೇರೆ ತಟ್ಟೆ. ಮಕ್ಕಳಿಗೆ ತಿಂಡಿ ಕೊಡುವ ಸಣ್ಣ ಸ್ಟೀಲ್ ಪ್ಲೇಟು, ಅವರ ಮೊಮ್ಮಗಳದು, ಅಂಚಿನಲ್ಲಿ ಅವಳ ಹೆಸರು ಕೊರೆದಿದೆ. ಅದರಲ್ಲಿ ಮೊದಲು ಕಾಳು ಪಲ್ಯ, ಪಕ್ಕದಲ್ಲಿ ಜುಣಕ ಅಥವಾ ಬೇಳೆ, ಬಟ್ಟಲಲ್ಲಿ ಗಟ್ಟಿ ಮೊಸರು, ಕೊನೆಗೆ ರೊಟ್ಟಿಯ ಒಂದು ಮೂಲೆ. ತಿನ್ನುವ ಕ್ರಮವೂ ಅದೇ. ಪ್ರೋಟೀನ್ ಮೊದಲು, ಜಾಗ ಉಳಿದರೆ ರೊಟ್ಟಿ. ಡಯಟೀಷಿಯನ್ ಹೇಳಿದ್ದೂ ಇದೇ ಮಾತು, ಆದರೆ ಕಾಗದದ ಮೇಲೆ ಓದೋದು ಬೇರೆ, ತಟ್ಟೆಯೇ ಹಾಗೆ ಬರೋದು ಬೇರೆ.

ನೀರಿನ ವಿಷಯ ಇನ್ನೂ ಚೆನ್ನಾಗಿದೆ. ಆಪರೇಷನ್ ಆದವರು ಊಟದ ಜೊತೆ ನೀರು ಕುಡಿಯಬಾರದು, ಊಟ ಮುಗಿದು ಅರ್ಧ ಗಂಟೆ ಆದ ಮೇಲೆಯೇ. ಜೊತೆಗೆ ಕುಡಿದರೆ ತಿಂದದ್ದು ಬೇಗ ಕೆಳಗೆ ಜಾರುತ್ತದೆ, ಹೊಟ್ಟೆ ಖಾಲಿ ಅನ್ನಿಸಿ ಮತ್ತೆ ತಿನ್ನುತ್ತೇವೆ, ಇಲ್ಲವೇ ವಾಂತಿ. ಖಾನಾವಳಿಯಲ್ಲಿ ಕೂತ ತಕ್ಷಣ ಹುಡುಗ ಬಂದು ನೀರಿನ ಲೋಟ ಕುಕ್ಕುವುದು ಪದ್ಧತಿ, ಕೈ ತಾನಾಗಿ ಅದಕ್ಕೆ ಹೋಗುತ್ತದೆ. ಈಗ ನನ್ನ ಟೇಬಲ್ಲಿಗೆ ಲೋಟ ಇಡುವುದಿಲ್ಲ. ಮಜ್ಜಿಗೆಯನ್ನು ಮುಚ್ಚಳದ ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ ಕೊಡುತ್ತಾರೆ, ಅಂಗಡಿಗೆ ಹೋಗಿ ಎರಡೂವರೆಗೆ ಕುಡಿಯುತ್ತೇನೆ. ಇಂಗು, ಕರಿಬೇವಿನ ಒಗ್ಗರಣೆ ಮಜ್ಜಿಗೆ. ಸೇವೆಗೆ ನಕ್ಷತ್ರ ಕೊಡೋದಾದರೆ ಈ ಡಬ್ಬಿಗೇ ಐದೂ ಹೋಯಿತು.

ಒಂದೊಂದನ್ನೇ ಹೇಳುತ್ತೇನೆ, ನನ್ನಂಥವರಿಗೆ ಉಪಯೋಗ ಆಗಬಹುದು. ಬಿಸಿ ರೊಟ್ಟಿ ಮೆತ್ತಗಿರುತ್ತದೆ, ಹಾಗಾಗಿ ಸುಲಭ ಅಂದುಕೊಂಡಿದ್ದೆ. ಉಲ್ಟಾ. ಮೆತ್ತಗಿನ ರೊಟ್ಟಿ, ಚಪಾತಿ, ಪೂರಿ ಎಲ್ಲ ಬಾಯಲ್ಲಿ ಮುದ್ದೆ ಕಟ್ಟಿ ಹಾಗೇ ಇಳಿದು ಸಿಕ್ಕಿಕೊಳ್ಳುತ್ತವೆ, ನನಗಂತೂ. ಕಟಿ ರೊಟ್ಟಿ ವಾಸಿ, ಹಲ್ಲಿಗೆ ಸಿಕ್ಕರೆ ಪುಡಿ ಪುಡಿ. ಅಗಿಯೋ ವಿಷಯದಲ್ಲಿ ನನ್ನ ಕಸುಬು ಸಹಾಯಕ್ಕೆ ಬಂತು, ತಂತಿ ಸುತ್ತುವಾಗ ಸುತ್ತು ಎಣಿಸಲೇಬೇಕು, ಒಂದು ತಪ್ಪಿದರೂ ಮೋಟರ್ ಬಿಸಿಯಾಗುತ್ತದೆ, ಹಾಗಾಗಿ ಎಣಿಕೆ ಕೈಗೆ ಅಂಟಿಕೊಂಡಿದೆ, ಅದನ್ನೇ ಬಾಯಿಗೆ ಹಚ್ಚಿದೆ. ತುತ್ತಿಗೆ ಇಪ್ಪತ್ತೈದು. ಮೊದಲು ಬೇಜಾರು, ಈಗ ಲೆಕ್ಕ ಇಡದೆ ನುಂಗಿದರೇ ಏನೋ ತಪ್ಪಾದ ಹಾಗಿರುತ್ತದೆ.

ಹೆಸರುಕಾಳು ಪಲ್ಯ ಇವರಲ್ಲಿ ಬೆಸ್ಟ್. ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿ, ಎಣ್ಣೆ ಕಡಿಮೆ. ಮಡಿಕೆಕಾಳು ಸ್ವಲ್ಪ ಗಟ್ಟಿ ಬಿಡುತ್ತಾರೆ. ಅಲಸಂದೆ ಗ್ಯಾಸ್. ಜುಣಕ ಚೆನ್ನಾಗಿದೆ, ಕಡಲೆಹಿಟ್ಟಿನದು, ಆದರೆ ಮೇಲೆ ಎಣ್ಣೆ ತೇಲುತ್ತದೆ, ನಾನು ಚಮಚದಿಂದ ಪಕ್ಕಕ್ಕೆ ಒತ್ತಿ ತಿನ್ನುತ್ತೇನೆ. ಪುಂಡಿಪಲ್ಯದ ಹುಳಿ ಮೊದಲ ಆರು ತಿಂಗಳು ಎದೆ ಉರಿಸಿತು, ಈಗ ಪರವಾಗಿಲ್ಲ. ಎಣ್ಣೆಗಾಯಿ ಬಗ್ಗೆ ಏನು ಹೇಳಲಿ. ಇಡೀ ಊರಲ್ಲಿ ಇಂಥ ಎಣ್ಣೆಗಾಯಿ ಇಲ್ಲ, ಅದಕ್ಕೇ ನನಗೆ ಒಂದು ಚಮಚ ಮಸಾಲೆ ಮಾತ್ರ. ಶೇಂಗಾ ಚಟ್ನಿಪುಡಿ ಮೊಸರಿಗೆ ಕಲಸಿಕೊಂಡರೆ ಪ್ರೋಟೀನೂ ಆಯಿತು, ಬಾಯಿಗೂ ರುಚಿ. ಅನ್ನ ಮುಟ್ಟುವುದಿಲ್ಲ. ಶುಕ್ರವಾರದ ಹೋಳಿಗೆ ಒಂದು ಸಲ ಅರ್ಧ ತಿಂದೆ, ಇಪ್ಪತ್ತು ನಿಮಿಷಕ್ಕೆ ಬೆವರು, ಎದೆ ಡವಡವ, ತಲೆಸುತ್ತು, ಅಂಗಡಿಯ ಬೆಂಚಿನ ಮೇಲೆ ಮಲಗಿಬಿಟ್ಟೆ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ, ಸಿಹಿ ಒಮ್ಮೆಲೇ ಕರುಳಿಗೆ ಇಳಿದಾಗ ಆಗುವಂಥದ್ದು. ತೂಕ ಇಳಿಸಲು ಹೊಟ್ಟೆಯ ಬೈಪಾಸ್ (ಹೃದಯದ್ದಲ್ಲ) ಮಾಡಿಸಿದವರಿಗೆ ಜಾಸ್ತಿ, ಸ್ಲೀವ್‌ನವರಿಗೂ ಕೆಲವರಿಗೆ ಬರುತ್ತದೆ. ಹೋಳಿಗೆಯ ಆಸೆ ಅವತ್ತೇ ಅರ್ಧ ಹೋಯಿತು. ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ.

ಲೆಕ್ಕ ಕೇಳುವವರಿಗೆ ಹೇಳುತ್ತೇನೆ. ನಮ್ಮಂಥವರಿಗೆ ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಬೇಕು ಅನ್ನುತ್ತಾರೆ. ಈ ತಟ್ಟೆಯಲ್ಲಿ ಕಾಳು, ಜುಣಕ, ಮೊಸರು, ಚಟ್ನಿಪುಡಿ ಎಲ್ಲ ಸೇರಿ ಸುಮಾರು 18 ಗ್ರಾಂ ಅಂತ ನನ್ನ ಅಂದಾಜು. ಬೆಳಿಗ್ಗೆ ಮನೆಯಲ್ಲಿ ಎರಡು ಮೊಟ್ಟೆ 12, ಒಂದು ಲೋಟ ಹಾಲು 6, ರಾತ್ರಿ ನೂರು ಗ್ರಾಂ ಪನೀರ್ 18, ಸಾಯಂಕಾಲ ಒಂದು ಹಿಡಿ ಹುರಿಗಡಲೆ 6. ಅಲ್ಲಿಗೆ 60 ಮುಟ್ಟುತ್ತದೆ. ಮುಟ್ಟದ ದಿನ ಪ್ರೋಟೀನ್ ಪುಡಿ ಕಲಸಿಕೊಳ್ಳುತ್ತೇನೆ. ಆ ಪುಡಿಯ ವೆನಿಲಾ ವಾಸನೆ ಬಗ್ಗೆ ಬರೆಯಲು ಕೂತರೆ ಇನ್ನೊಂದು ರಿವ್ಯೂ ಆಗುತ್ತದೆ.

ಹುರಿಗಡಲೆ ಅಂದೆನಲ್ಲ, ಅದು ಸುಮ್ನೆ ಬಂದದ್ದಲ್ಲ. ಈ ಖಾನಾವಳಿಗೆ ನಾನು ಇಷ್ಟುದ್ದ ಬರೆಯಲು ಕಾರಣವೂ ಅದೇ.

ಮೊದಲ ವರ್ಷ ತೂಕ ತಾನಾಗಿ ಇಳಿಯುತ್ತದೆ. ಮೂರನೇ ವಾರ ಒಂದು ಸಲ ನಿಂತು ಹೆದರಿಸುತ್ತದೆ, ನಾಲ್ಕನೇ ತಿಂಗಳು ಕೂದಲು ಬಾಚಣಿಗೆ ತುಂಬ ಉದುರಿ ಇನ್ನಷ್ಟು ಹೆದರಿಸುತ್ತದೆ, ಕೂದಲೇನೋ ಮತ್ತೆ ಬರುತ್ತದೆ. ಅದು ಬಿಟ್ಟರೆ ವಾರಕ್ಕೊಮ್ಮೆ ತಕ್ಕಡಿ ಹತ್ತಿದರೆ ಹಬ್ಬ. ಹದಿಮೂರನೇ ತಿಂಗಳಿಗೆ 84 ಕೆಜಿ. ಶುಗರ್ ಮಾತ್ರೆ ಡಾಕ್ಟರೇ ನಿಲ್ಲಿಸಿದರು, ಗೊರಕೆ ಹೋಯಿತು. ಹುಮ್ಮಸ್ಸು ಅಂದರೆ ಏನು, ಗಾಜಿನ ಮನೆ ಹತ್ತಿರ ಗೊತ್ತಿಲ್ಲದವರನ್ನೂ ನಿಲ್ಲಿಸಿ ವಾಕಿಂಗ್ ಬಗ್ಗೆ ಭಾಷಣ ಮಾಡುತ್ತಿದ್ದೆ.

ಆಮೇಲೆ ಹಸಿವು ವಾಪಸ್ ಬಂತು. ಇದನ್ನು ಯಾರೂ ಸರಿಯಾಗಿ ಹೇಳುವುದಿಲ್ಲ. ಒಂದು ವರ್ಷ, ಒಂದೂವರೆ ವರ್ಷಕ್ಕೆ ಮೊದಲಿನ ಆ ಹಸಿವಿಲ್ಲದ ದಿನಗಳು ಮುಗಿಯುತ್ತವೆ, ಹೊಟ್ಟೆಯೂ ಸ್ವಲ್ಪ ಸಡಿಲ ಆಗುತ್ತದೆ, ಹೊಗಳುವವರೂ ಹೊಗಳಿ ಸುಸ್ತಾಗಿರುತ್ತಾರೆ. ನಾನು ಮತ್ತೆ ಮಂಡಕ್ಕಿಗೆ ಬಿದ್ದೆ. ಬೆಣ್ಣೆ ದೋಸೆ ಮುಟ್ಟಲಿಲ್ಲ, ಮಿರ್ಚಿ ಮುಟ್ಟಲಿಲ್ಲ, ಬರೀ ಖಾರ ಮಂಡಕ್ಕಿ. ಪೇಪರ್ ಪೊಟ್ಟಣ, ಮೇಲೆ ಹೆಚ್ಚಿದ ಈರುಳ್ಳಿ, ಚೂರು ಎಣ್ಣೆ, ಪುಟಾಣಿ ಹಿಟ್ಟು. ಮಂಡಕ್ಕಿ ಹಗುರ ಅಲ್ವಾ, ಗಾಳಿ ಅಲ್ವಾ, ಇದರಿಂದ ಏನಾಗುತ್ತದೆ? ಈ ಊರಲ್ಲಿ ಮಂಡಕ್ಕಿ ಭಟ್ಟಿಗಳ ಬಡಾವಣೆಯೇ ಇದೆ, ಅದು ತಿಂದು ಯಾರು ಸತ್ತಿದ್ದಾರೆ?

ಎಡವಟ್ಟು ಆ ಹಗುರದಲ್ಲೇ ಇತ್ತು. ಕಾಳು ಪಲ್ಯ ಅರ್ಧ ಬಟ್ಟಲು ತಿಂದರೆ ಹೊಟ್ಟೆ ಸಾಕು ಅನ್ನುತ್ತದೆ. ಮಂಡಕ್ಕಿ ಹಾಗಲ್ಲ, ಬಾಯಲ್ಲೇ ಕರಗಿ ಕೊಳವೆಯಿಂದ ಜಾರಿ ಹೋಗುತ್ತದೆ, ಒಂದು ಗಂಟೆ ತಿಂದರೂ ಹೊಟ್ಟೆ ಬಾಯಿ ಬಿಡುವುದಿಲ್ಲ. ಬಿಸ್ಕತ್ತು, ಚಿಪ್ಸು, ಖಾರಾ ಸೇವ್ ಎಲ್ಲ ಇದೇ ಜಾತಿ. ಐದಕ್ಕೆ ಶುರುವಾದ ಪೊಟ್ಟಣ ಏಳರ ತನಕ ಟೇಬಲ್ ಮೇಲೇ ಇರುತ್ತಿತ್ತು, ತಂತಿ ಸುತ್ತುತ್ತಾ ಎಡಗೈಯಲ್ಲಿ ಒಂದೊಂದು ಹಿಡಿ. ಜೊತೆಗೆ ಬೈಟೂ ಟೀ, ಸಕ್ಕರೆ ಹಾಕಿದ್ದು, ದಿನಕ್ಕೆ ನಾಲ್ಕೈದು. ಹದಿನೇಳನೇ ತಿಂಗಳಿಗೆ 89. ತಕ್ಕಡಿಯನ್ನು ಮಂಚದ ಕೆಳಗೆ ತಳ್ಳಿಬಿಟ್ಟೆ. ಆ್ಯಪ್ ಮಾತ್ರ 'ನೀವು ಮಾಡಬಲ್ಲಿರಿ' ಅನ್ನುತ್ತಲೇ ಇತ್ತು.

ಹಿಡಿದದ್ದು ಅಕ್ಕ. ತೂಕ ನೋಡಿ ಅಲ್ಲ. ನನ್ನ ತಟ್ಟೆಯಲ್ಲಿ ಕಾಳು ಉಳಿಯತೊಡಗಿತ್ತು. ಒಂದು ವಾರ ನೋಡಿದರಂತೆ, ಎಂಟನೇ ದಿನ ತಟ್ಟೆ ಎತ್ತುವಾಗ ಅಲ್ಲೇ ನಿಂತರು. "ಅಣ್ಣಾರ, ಮಧ್ಯಾಹ್ನ ಹಸಿವಿಲ್ಲ ಅಂದ್ರ ಎಲ್ಲೋ ಮೇಯಾಕ್ಹತ್ತೀರಿ" ಅಂದರು. ಮೇಯೋದು! ಎಷ್ಟು ಸರಿಯಾದ ಮಾತು ನೋಡಿ. ಊಟ ಅಂದರೆ ಕೂತು, ತಟ್ಟೆ ಇಟ್ಟು, ಮುಗಿಸಿ, ಏಳೋದು. ನಾನು ಮಾಡುತ್ತಿದ್ದದ್ದು ದನದ ಹಾಗೆ ದಿನವಿಡೀ ಬಾಯಾಡಿಸೋದು. ಬೆಳಿಗ್ಗೆ ಹನ್ನೊಂದಕ್ಕೂ ಪೊಟ್ಟಣ ಶುರುವಾಗಿತ್ತು, ಅದನ್ನು ನನಗೇ ನಾನು ಲೆಕ್ಕ ಕೊಟ್ಟಿರಲಿಲ್ಲ.

ಅವರು ಬುದ್ಧಿ ಹೇಳಲಿಲ್ಲ. ಮರುದಿನ ಮಜ್ಜಿಗೆ ಡಬ್ಬಿಯ ಜೊತೆ ಕಾಗದದಲ್ಲಿ ಸುತ್ತಿದ ಹುರಿಗಡಲೆ ಇತ್ತು, ಒಂದು ಹಿಡಿ. "ಸಂಜಿಗೆ ಇದಿಷ್ಟ ನೋಡ್ರಿ, ಕೂತು ತಿನ್ರಿ." ಹುರಿಗಡಲೆ ಅಗಿಯಬೇಕು, ಹೊಟ್ಟೆಯಲ್ಲಿ ಕೂರುತ್ತದೆ, ಹಿಡಿ ಮುಗಿದರೆ ಮುಗಿಯಿತು. ಅಂಗಡಿ ಹುಡುಗನಿಗೆ ಮಂಡಕ್ಕಿ ತರಬೇಡ ಅಂತ ಹೇಳಲು ಒಂದು ವಾರ ಹಿಡಿಯಿತು. ಟೀ ಎರಡಕ್ಕೆ ಇಳಿಸಿದೆ, ಸಕ್ಕರೆ ಇಲ್ಲದೆ. ಏಳೆಂಟು ತಿಂಗಳಾಗುತ್ತಾ ಬಂತು, ಈಗ 85ರ ಆಸುಪಾಸು ನಿಂತಿದೆ. ತಕ್ಕಡಿ ಮಂಚದ ಕೆಳಗಿಂದ ಹೊರಗೆ ಬಂದಿದೆ, ಸೋಮವಾರ ಮಾತ್ರ ಹತ್ತುತ್ತೇನೆ. ದಿನಾ ಹತ್ತಿದರೆ ತಲೆ ಕೆಡುತ್ತದೆ.

ದುಡ್ಡಿನ ವಿಷಯ. ಫುಲ್ ಊಟ 90 ರೂಪಾಯಿ. ಮೊದಮೊದಲು ನಾನು 90 ಕೊಟ್ಟು ಮೂರು ಚಮಚ ತಿಂದು ಏಳುತ್ತಿದ್ದೆ. ದುಡ್ಡು ಕೊಟ್ಟಿದ್ದೇವಲ್ಲ ಅಂತ ಇನ್ನೊಂದು ಚಮಚ ಒಳಗೆ ತಳ್ಳುವ ಚಟ ನಮಗೆಲ್ಲ ಇರುತ್ತದೆ, ಅದೇ ಅಪಾಯ. ಈಗ 45 ತಗೊಳ್ಳುತ್ತಾರೆ, ಮಜ್ಜಿಗೆ, ಕಡಲೆ ಸೇರಿ. ಬೇರೆ ಹೋಟೆಲುಗಳಲ್ಲಿ ಕೇಳಿ ನೋಡಿದ್ದೇನೆ. ಒಂದು ಕಡೆ ಹಾಫ್ ಊಟ ಇಲ್ಲ ಸಾರ್, ಬೇಕಾದರೆ ಪಾರ್ಸೆಲ್ ತಗೊಂಡು ಹೋಗಿ ಅಂದರು. ಇನ್ನೊಂದು ಕಡೆ ಸಪ್ಲೈಯರ್ ನನ್ನ ತಟ್ಟೆ ನೋಡಿ, ಊಟ ಸರಿ ಇಲ್ವಾ ಸಾರ್ ಅಂತ ಮ್ಯಾನೇಜರನ್ನೇ ಕರೆದುಕೊಂಡು ಬಂದ. ಇಡೀ ಹೋಟೆಲ್ ನನ್ನ ಕಡೆ ನೋಡಿತು.

ಇನ್ನು ಬೈಗುಳ. ಪ್ರೀತಿಯ ಜಾಗ ಅಂತ ಸುಮ್ಮನೆ ಬಿಡುವುದಿಲ್ಲ.

ಒಂದೂವರೆಗೆ ಹೋಗಬೇಡಿ. ಮಂಡಿಯ ಹಮಾಲರು, ದಲಾಲಿ ಅಂಗಡಿಯವರು, ಸಾಲ ವಸೂಲಿ ಹುಡುಗರು ಎಲ್ಲ ಒಟ್ಟಿಗೆ ನುಗ್ಗುತ್ತಾರೆ, ಜಾಗ ಸಿಗದವರು ನಿಮ್ಮ ಕುರ್ಚಿ ಹಿಂದೆ ನಿಂತು ತಟ್ಟೆ ನೋಡುತ್ತಿರುತ್ತಾರೆ. ನಮಗೆ ಒಂದು ಊಟಕ್ಕೆ ಇಪ್ಪತ್ತೈದು ನಿಮಿಷ ಬೇಕು. ಹಿಂದೆ ಒಬ್ಬ ನಿಂತು ಕೆಮ್ಮುತ್ತಿದ್ದರೆ ಇಪ್ಪತ್ತೈದು ಸಲ ಅಗಿಯೋದು ಹೇಗೆ? ಅವಸರಕ್ಕೆ ನುಂಗಿ ಎರಡು ಸಲ ಮತ್ತೆ ಗೋಡೆ ಹಿಡಿದು ನಿಂತಿದ್ದೇನೆ. ಇದಕ್ಕೆ ಅಕ್ಕ ಕೊಟ್ಟ ಪರಿಹಾರ ಕೈ ತೊಳೆಯೋ ಜಾಗದ ಪಕ್ಕದ ಮೂಲೆ ಟೇಬಲ್ಲು, ಅಲ್ಲಿ ಯಾರೂ ಕೂರಲು ಇಷ್ಟಪಡುವುದಿಲ್ಲ. ಯಾಕೆ ಅಂತ ಕೂತವರಿಗೆ ಗೊತ್ತು. ಎಲ್ಲರ ಬಾಯಿ ಮುಕ್ಕಳಿಸುವ ಸದ್ದು ಕೇಳುತ್ತಾ ಉಣ್ಣಬೇಕು.

ಹೊಸದಾಗಿ ಬಂದಿರುವ ಬಡಿಸುವ ಹುಡುಗ ಇನ್ನೊಂದು ತಲೆನೋವು. ಪಾಪ, ಒಳ್ಳೆಯವನು, ಕೈ ಧಾರಾಳ. ಬೇಡ ಅನ್ನುವಷ್ಟರಲ್ಲಿ ತುಪ್ಪ ಬಿದ್ದಿರುತ್ತದೆ. "ಯಜಮಾನ್ರೆ, ಸೊರಗಿದೀರಿ, ಒಂದು ರೊಟ್ಟಿ ಹಾಕಿಸ್ಕಳಿ" ಅಂತ ದಿನಾ. ಅವನಿಗೆ ನನ್ನ ಕತೆ ಗೊತ್ತಿಲ್ಲ, ಹೇಳಿ ಅಂತ ಅಕ್ಕನಿಗೂ ಹೇಳಿಲ್ಲ. ನಮ್ಮ ಅಮ್ಮನೂ ಇದೇ ಮಾತು ಆಡುತ್ತಾಳೆ. ಬಡಿಸೋರ ಪ್ರೀತಿಯನ್ನು ಬೇಡ ಅನ್ನೋದು ಬೆಣ್ಣೆ ದೋಸೆ ಬೇಡ ಅನ್ನೋದಕ್ಕಿಂತ ಕಷ್ಟ, ಅದರಲ್ಲೂ ದುಗ್ಗಮ್ಮನ ಜಾತ್ರೆಯಂಥ ಹೊತ್ತಲ್ಲಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಊರಿಗೆ ಊರೇ ನೆಂಟರನ್ನು ಕರೆಯುತ್ತದೆ, ಒಂದೇ ದಿನ ನಾಲ್ಕು ಮನೆಯಲ್ಲಿ ಎಲೆ ಹಾಕಿರುತ್ತಾರೆ. ನಾನು ನಾಲ್ಕೂ ಮನೆಗೆ ಹೋದೆ, ನಾಲ್ಕೂ ಕಡೆ ಎರಡೆರಡು ಚೂರು ಮಟನ್ ಅಗಿದು, ಈಗಷ್ಟೇ ಅಲ್ಲಿ ತಿಂದು ಬಂದೆ ಅಂತ ಹೇಳಿದೆ. ನಾಲ್ಕನೇ ಮನೆಯವರು ಮೂರನೇ ಮನೆಗೆ ಫೋನ್ ಮಾಡಿ ವಿಚಾರಿಸಿದ್ದಾರೆ!

ಉಪ್ಪು ಜಾಸ್ತಿ, ಬಿಪಿ ಇರುವವರು ಹುಷಾರು. ಭಾನುವಾರ, ಅಮಾವಾಸ್ಯೆ ರಜೆ, ಆ ದಿನಗಳಲ್ಲೇ ನಾನು ದಾರಿ ತಪ್ಪುವುದು. ಟಿವಿ ಸದ್ದು ಜೋರು. ಕಾರ್ಡ್ ತಗೊಳ್ಳುವುದಿಲ್ಲ, ಫೋನ್‌ಪೇ ಇದೆ.

ಇನ್ನೊಂದು ಮಾತು. ಈ ಖಾನಾವಳಿ ಏನು ಮಾಡಲಾರದು ಅನ್ನೋದೂ ತಿಳಿದಿರಲಿ. ಊಟ ಎಷ್ಟೇ ಸರಿ ಮಾಡಿದರೂ ಇಷ್ಟು ಸಣ್ಣ ಹೊಟ್ಟೆಯಲ್ಲಿ ವಿಟಮಿನ್ ಸಾಲುವುದಿಲ್ಲ. ಮಲ್ಟಿವಿಟಮಿನ್, ಬಿ12, ಕ್ಯಾಲ್ಸಿಯಂ, ವಿಟಮಿನ್ ಡಿ, ಕಬ್ಬಿಣದ ಮಾತ್ರೆ, ಇವೆಲ್ಲ ಡಾಕ್ಟರ್ ಹೇಳಿದಂತೆ ಜೀವನ ಪೂರ್ತಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬಾರದು, ಮಧ್ಯೆ ಎರಡು ಗಂಟೆಯಾದರೂ ಬೇಕು. ನಾನು ಹತ್ತನೇ ತಿಂಗಳು ಚೆನ್ನಾಗಿದ್ದೀನಲ್ಲ ಅಂತ ಮಾತ್ರೆ ಬಿಟ್ಟಿದ್ದೆ, ಕಾಲು ಜುಮ್ ಅನ್ನತೊಡಗಿತು, ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ನೆಲ ಕಚ್ಚಿತ್ತು. ಈಗ ವರ್ಷಕ್ಕೊಮ್ಮೆ ತಪ್ಪದೆ ರಕ್ತ ಪರೀಕ್ಷೆ. ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಖಾನಾವಳಿ ಅಕ್ಕನನ್ನೂ ಕೇಳಬೇಡಿ, ನನ್ನನ್ನೂ ಕೇಳಬೇಡಿ, ಸೀದಾ ಆಪರೇಷನ್ ಮಾಡಿದ ಡಾಕ್ಟರ್ ಹತ್ರ ಹೋಗಿ.

ನಕ್ಷತ್ರ ಕೇಳಿದರೆ, ರುಚಿಗೆ ನಾಲ್ಕೂವರೆ, ಜಾಗಕ್ಕೆ ಎರಡೂವರೆ, ಎಣ್ಣೆಗೆ ಎರಡು, ತಟ್ಟೆ ನೋಡಿ ಮನುಷ್ಯನನ್ನು ಓದುವುದಕ್ಕೆ ಐದು. ಫಾಲೋ ಅಪ್ ಪ್ಯಾಕೇಜಿಗೆ ಒಂದು, ಅದೂ ಮೊದಲ ಮೂರು ತಿಂಗಳ ಆ ಹುಡುಗಿಗಾಗಿ.

ಹೋಗುವುದಾದರೆ ಹನ್ನೆರಡೂವರೆ ಒಳಗೆ ಹೋಗಿ. ಆಪರೇಷನ್ ಅಂತ ಜೋರಾಗಿ ಹೇಳುವುದೇನೂ ಬೇಡ, ಸಣ್ಣ ತಟ್ಟೆ ಕೊಡಿ ಅಂದರೆ ಸಾಕು, ಎಷ್ಟು ಹಿಡಿಸುತ್ತದೆ ಅಂತ ಅವರೇ ಕೇಳುತ್ತಾರೆ. ಮೊಮ್ಮಗಳ ಪ್ಲೇಟು ನನ್ನದು, ಅದನ್ನು ಕೇಳಬೇಡಿ. ಮಜ್ಜಿಗೆ ಡಬ್ಬಿ ಮರುದಿನ ತೊಳೆದು ವಾಪಸ್ ಕೊಡಿ. ನನ್ನ ಅಂಗಡಿಯಲ್ಲಿ ಈಗ ಅವರವು ಮೂರು ಇವೆ, ಒಂದರಲ್ಲಿ ಹುಡುಗ ನಟ್ಟು ಬೋಲ್ಟು ಹಾಕಿಟ್ಟಿದ್ದಾನೆ, ಅದನ್ನು ಯಾವ ಮುಖ ಇಟ್ಟುಕೊಂಡು ಕೊಡಲಿ ಅಂತ ನೋಡುತ್ತಿದ್ದೇನೆ.